ಹಾರ್ಡ್ ಡಿಸ್ಕಿಗೆ ಎರಡು ತೊಟ್ಟು ಎಣ್ಣೆ

ಯಂತ್ರ ಯಾವುದೇ ಆಗಿರಲಿ, ಹೊತ್ತಿಗೆ ಸರಿಯಾಗಿ ಎಣ್ಣೆ ಬಿಟ್ಟರೆ ಅದು ಮನುಷ್ಯರಿಗಿಂತ ನಿಯತ್ತಾಗಿ ನಡೆದುಕೊಳ್ಳುತ್ತದೆ ಎಂದು ನಂಬಿ ಬಾಳಿದವನು ನಾನು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತವನಿಗೆ ಬೇರೆ ಯಾವ ವೇದಾಂತ ಹೊಳೆದೀತು? ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಫ್ಯಾನು ಗೊಣಗಿದರೆ ಎಣ್ಣೆ, ಬೀಗ ಹಟ ಮಾಡಿದರೆ ಎಣ್ಣೆ. ಒಮ್ಮೆ ಏಳುವಾಗ ನನ್ನ ಮಂಡಿ ಕಟಕ್ ಎಂದಿತು. ನನ್ನ ಹೆಂಡತಿ ರತ್ನ ಒಳಗಿನಿಂದ ಎಣ್ಣೆ ಡಬ್ಬಿಯನ್ನೇ ತಂದು ಎದುರಿಗಿಟ್ಟು, "ಅಲ್ಲಿಗೂ ಎರಡು ತೊಟ್ಟು ಬುಟ್ಕೊಳ್ರೀ, ಸರಿಹೋಗ್ಬುಡ್ತದೆ" ಎಂದಳು. ಆ ರತ್ನ ತೀರಿಕೊಂಡು ಒಂದು ವರ್ಷದ ಮೇಲಾಯಿತು. ಈಗ ಮನೆಯಲ್ಲಿ ಏನಾದರೂ ಕಿರುಗುಟ್ಟಲಿ, ಒಂದು ಸದ್ದಾದರೂ ಇರಲಿ ಅನ್ನಿಸುತ್ತದೆ.

ಸರಸ್ವತಿಪುರಂನ ನಮ್ಮ ಬಾಡಿಗೆ ಮನೆಯ ಕಂಪ್ಯೂಟರ್ ಅವಳದು. ಹತ್ತಿರದ ಟ್ಯುಟೋರಿಯಲ್ಲಿಗೆ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಪ್ರತಿ ಶನಿವಾರ ಸಂಜೆ ದೀಪ ಹಚ್ಚುವ ಮುಂಚೆ ಆ ವಾರದ್ದನ್ನೆಲ್ಲ ಒಂದು ಪೆನ್ ಡ್ರೈವಿಗೆ ಕಾಪಿ ಮಾಡಿ, ಅದನ್ನು ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲ ಪಕ್ಕ ಇಡುವುದು ಅವಳ ಪದ್ಧತಿ. ಒಂದು ಹಾಳಾದರೆ ಇನ್ನೊಂದು ಇರಲಿ ಎಂಬ ಲೆಕ್ಕ. "ನನ್ನದೂ ಒಂದು ಕಾಪಿ ತೆಗೆದಿಟ್ಕೊ" ಎಂದು ನಾನು ತಮಾಷೆ ಮಾಡಿದರೆ, "ಒಂದನ್ನೇ ತಡ್ಕೊಳಕ್ಕಾಯ್ತಿಲ್ಲ, ಇನ್ನೊಂದು ಯಾಕೆ ಕಣ್ರೀ?" ಎನ್ನುತ್ತಿದ್ದಳು. ನನಗೆ ಕಾಪಿ ಎನ್ನುವುದರಲ್ಲಿ ನಂಬಿಕೆ ಇರಲಿಲ್ಲ. ಲೇತ್ ಮೆಷಿನ್ನಿಗೆ ಯಾರಾದರೂ ಕಾಪಿ ಇಟ್ಟುಕೊಂಡಿರುತ್ತಾರೆಯೇ?

ಕಾಯಿಲೆ ಬಿದ್ದ ಮೇಲೆ ಅವಳು ಪ್ರಶ್ನೆಪತ್ರಿಕೆ ಬಿಟ್ಟಳು. ಟೈಪಿಂಗ್ ಬಿಡಲಿಲ್ಲ. ಬೆನ್ನಿಗೆ ದಿಂಬು ಇಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ಏನೋ ಕುಟ್ಟುತ್ತಿದ್ದಳು. ಕೇಳಿದರೆ, "ನಿಮಗೇ ಕಣ್ರೀ. ನಾನಿಲ್ದೆ ಇದ್ರೆ ನೀವು ಹಾಲೂ ಕಾಯ್ಸಲ್ಲ" ಎಂದಳು. ಆ ಫೈಲಿಗೆ "ಅವರಿಗೆ" ಎಂದು ಹೆಸರಿಟ್ಟಿದ್ದಳು. ಹತ್ತೊಂಬತ್ತು ಪುಟ. "ಇನ್ಮೇಲೆ ಶನಿವಾರ ನೀವೇ ಕಾಪಿ ಮಾಡ್ಬುಡಿ" ಎಂದಾಗ "ಆಯ್ತು" ಎಂದೆ. ಮಾಡಲಿಲ್ಲ. ಆ ದಿನಗಳಲ್ಲಿ ಆಸ್ಪತ್ರೆಯ ಓಡಾಟವಿತ್ತು ಎಂದು ಹೇಳಿಕೊಳ್ಳಬಹುದು. ಆಮೇಲಿನ ಶನಿವಾರಗಳಿಗೆ ಆ ನೆಪವೂ ಇಲ್ಲ.

ಅವಳು ಹೋದ ಮೇಲೆ ಫೈಲು ತೆರೆದೆ. ಮೊದಲ ಪುಟದಲ್ಲಿ ಹಾಲು ಕಾಯಿಸುವುದು. ಎರಡನೆಯದರಲ್ಲಿ ಕುಕ್ಕರು, ಅದರ ರಬ್ಬರು, ಹಿಂದೊಮ್ಮೆ ಅದನ್ನು ಹಾಕದೆ ನಾನು ಅನ್ನ ಮಾಡಿದ ಕಥೆ. ಅಷ್ಟಕ್ಕೇ ನಿಲ್ಲಿಸಿದೆ. ಎಲ್ಲವನ್ನೂ ಒಂದೇ ಸಲ ಓದಿಬಿಟ್ಟರೆ ಆಮೇಲೆ ಅವಳು ನನಗೆ ಹೇಳುವುದು ಏನೂ ಉಳಿಯುವುದಿಲ್ಲವಲ್ಲ. ಹಾಗಾಗಿ ತಿಂಗಳ ಮೊದಲ ಭಾನುವಾರ ಸ್ನಾನ ಮಾಡಿ, ಕಾಫಿ ಇಟ್ಟುಕೊಂಡು, ಒಂದೇ ಒಂದು ಪುಟ. ಇಲ್ಲದ ಹೆಂಡತಿಯ ಕೈಲಿ ತಿಂಗಳಿಗೊಮ್ಮೆ ಬೈಸಿಕೊಳ್ಳುವುದಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದೆ ಎಂದರೆ ನೀವು ನಗಬಹುದು. ಇದ್ದಾಗ ಬೈದರೆ ಬನಿಯನ್ನಿನಲ್ಲೇ ಕೇಳಿಸಿಕೊಂಡು ಬೀಡಾ ಅಂಗಡಿಗೆ ಹೋಗಿಬಿಡುತ್ತಿದ್ದೆ.

ಹೀಗೆ ಹದಿಮೂರು ಪುಟ ಆಗಿತ್ತು. ಆಯುಧಪೂಜೆ ಬಂತು.

ಸಾವಾದ ಮನೆ ಎಂದು ಹಿಂದಿನ ವರ್ಷ ಹಬ್ಬ ಮಾಡಿರಲಿಲ್ಲ. ಈ ಸಲ ಅವಳ ಕಂಪ್ಯೂಟರಿಗೆ ಕಾರ್ಖಾನೆಯ ಕ್ರಮದಲ್ಲೇ ಪೂಜೆ ಆಗಲಿ ಎಂದು ಮನಸ್ಸು ಮಾಡಿದೆ. ನಮ್ಮಲ್ಲಿ ಮೆಷಿನ್ನಿಗೆ ಬರೀ ಹೂವು ಏರಿಸಿದರೆ ಪೂಜೆಯಲ್ಲ. ಮೊದಲು ಬಿಚ್ಚಿ ಧೂಳು ತೆಗೆಯಬೇಕು, ಒರೆಸಬೇಕು, ಎಣ್ಣೆ ಬಿಡುವ ತೂತುಗಳಿಗೆಲ್ಲ ಎಣ್ಣೆ ಕುಡಿಸಬೇಕು, ಆಮೇಲೆ ವಿಭೂತಿ, ಕುಂಕುಮ, ಬಾಳೆಕಂದು. ಎಣ್ಣೆ ಬಿಡದೆ ಪೂಜೆ ಮಾಡುವುದೆಂದರೆ ಹಸಿದವನಿಗೆ ಹಾರ ಹಾಕಿದಂತೆ ಎಂದು ನಮ್ಮ ಹಳೆಯ ಫೋರ್‌ಮನ್ ಹೇಳುತ್ತಿದ್ದರು. ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಬ್ರಷ್ಷಿನಿಂದ ಧೂಳು ಹೊಡೆದೆ. ಒಳಗೆ ಪುಸ್ತಕದಷ್ಟು ದಪ್ಪದ ಒಂದು ಲೋಹದ ಪೆಟ್ಟಿಗೆ. ಎಂಥ ಫಿನಿಷಿಂಗ್ ಅಂತೀರಿ! ಅದರ ಮೇಲೆ ಒಂದು ಪುಟ್ಟ ತೂತು, ಪಕ್ಕದಲ್ಲಿ ಈ ತೂತನ್ನು ಮುಚ್ಚಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಎಣ್ಣೆ ತೂತನ್ನು ಮುಚ್ಚುವ ಮೂರ್ಖ ಯಾರು ಎಂದುಕೊಂಡು ಎರಡು ತೊಟ್ಟು ಬಿಟ್ಟೆ. ಚೆನ್ನಾಗಿ ಕುಡಿಯಿತು. ಪಾಪ, ಎಷ್ಟು ವರ್ಷದಿಂದ ಒಣಗಿತ್ತೋ ಎಂದು ಇನ್ನೂ ಎರಡು ತೊಟ್ಟು ಬಿಟ್ಟೆ.

ಮಂಗಳಾರತಿ ಮುಗಿಸಿ ಆನ್ ಮಾಡಿದರೆ ಟಿಕ್ ಟಿಕ್ ಎಂದಿತು. ಕಪ್ಪು ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಮಾಡಿದೆ, ಮತ್ತೆ ಟಿಕ್ ಟಿಕ್. ಬಾಳೆಕಂದು ಬಿಚ್ಚಿ ನೋಡಿದೆ. ಕುಂಕುಮ ಒರೆಸಿ ನೋಡಿದೆ. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಆರು ಪುಟ ಬಾಕಿ ಇತ್ತು.

ಪಕ್ಕದ ಮನೆಯವರು, ಫೈಲುಗಳೆಲ್ಲ ಇರುವುದು ಆ ಲೋಹದ ಪೆಟ್ಟಿಗೆಯಲ್ಲೇ, ಅದೇ ಹಾರ್ಡ್ ಡಿಸ್ಕು ಎಂದು ಹೇಳಿ, ಉದಯಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರ ವಿಳಾಸ ಕೊಟ್ಟರು. ಪೆಟ್ಟಿಗೆಯನ್ನು ಕಳಚಿ ಬಟ್ಟೆಯಲ್ಲಿ ಸುತ್ತಿಕೊಂಡು ಮಾರನೆಯ ಬೆಳಿಗ್ಗೆ ಹೋದೆ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದ ಹೆಂಗಸು, ಹೆಸರು ಸಬೀಹಾ, ನಲವತ್ತೈದರ ಆಸುಪಾಸು. ಬಟ್ಟೆ ಬಿಚ್ಚಿ ಮೂಸಿ ನೋಡಿದರು.

"ಇದೇನು ಸರ್, ಒಗ್ಗರಣೆ ಹಾಕಿದ್ದೀರಾ? ಎಣ್ಣೆ ಯಾರು ಬುಟ್ಟಿದ್ದು?"

"ನಾನೇ."

"ಯಾಕೆ?"

"ತೂತಿತ್ತು."

ಅವರು ನನ್ನ ಮುಖವನ್ನೊಮ್ಮೆ, ಡಿಸ್ಕನ್ನೊಮ್ಮೆ ನೋಡಿದರು. "ಅದು ಉಸಿರಾಡೋ ತೂತು. ಮೂಗಿಗೆ ಎಣ್ಣೆ ಬುಟ್ಟಿದ್ದೀರಲ್ಲ! ಆಮೇಲೆ ಎಷ್ಟು ಸಲ ಆನ್ ಮಾಡಿದ್ರಿ?"

"ಹತ್ತು ಸಲ ಇರಬಹುದು."

"ಯಾ ಅಲ್ಲಾ! ಬ್ಯಾಕಪ್ಪಾದ್ರೂ ಐತಾ?"

ಪೆನ್ ಡ್ರೈವ್ ಕೊಟ್ಟೆ. ಅದರ ತುಂಬ ಪ್ರಶ್ನೆಪತ್ರಿಕೆ. ಕಾಯಿಲೆಗೆ ಮುಂಚಿನ ಶನಿವಾರಕ್ಕೆ ಅದು ನಿಂತಿತ್ತು. ನನಗೆ ಬೇಕಾದದ್ದು ಮನೆಯವಳು ಕೊನೆಗೆ ಟೈಪ್ ಮಾಡಿದ ಒಂದು ಫೈಲು, ಅವಳು ಈಗಿಲ್ಲ, ಎಂದೆ. ಸಬೀಹಾ ತಮಾಷೆ ನಿಲ್ಲಿಸಿದರು. "ತೂತಿನ ಕೆಳಗೆ ಒಂದು ಜಾಲರಿ ಇರ್ತದೆ, ಅದು ಎಷ್ಟು ತಡ್ಕೊಂಡಿದೆಯೋ ನೋಡಾಣ. ಮೆಲ್ಲಗೆ ಓದಿಸ್ಬೇಕು. ಭರವಸೆ ಕೊಡಲ್ಲ. ಫೋನ್ ಮಾಡಿ ಮಾಡಿ ಪ್ರಾಣ ತೆಗೀಬೇಡಿ."

ಫೋನ್ ಮಾಡಲಿಲ್ಲ. ಆ ರಸ್ತೆಯಲ್ಲಿ ಸುಮ್ಮನೆ ಓಡಾಡಿದೆ. ಒಂದು ವಾರದಲ್ಲಿ ನಾಲ್ಕು ಸಲ ನನ್ನನ್ನು ಕಂಡ ಎದುರಿನ ಟೈರ್ ಅಂಗಡಿಯವರು ಮನೆ ಬಾಡಿಗೆಗೆ ಬೇಕಾ ಎಂದು ಕೇಳಿದರು. ಒಂಬತ್ತನೆಯ ದಿನ ಸಬೀಹಾ ಅವರೇ ಕರೆದರು. ಡಿಸ್ಕು ಸ್ವಲ್ಪ ಬಾಯಿ ಬಿಟ್ಟಿತ್ತು. ಆದರೆ ಫೈಲುಗಳ ಹೆಸರುಗಳೆಲ್ಲ ಹೋಗಿ ಬರೀ ನಂಬರು ಉಳಿದಿತ್ತು. ಒಂದೊಂದನ್ನೇ ತೆರೆದು ನೋಡಬೇಕು. ಪಕ್ಕದಲ್ಲಿ ಕುಳಿತೆ.

"ಇದಾ?"

"ಅಲ್ಲ, ರಸಾಯನಶಾಸ್ತ್ರ."

"ಇದಾ?"

"ಇದೂ ರಸಾಯನಶಾಸ್ತ್ರ."

ಮಧ್ಯಾಹ್ನದ ಹೊತ್ತಿಗೆ ನಾನೂ ಅವರೂ ಪರೀಕ್ಷೆಗೆ ಕೂರುವಷ್ಟು ತಯಾರಾಗಿದ್ದೆವು. ಆಮೇಲೆ ಒಂದನ್ನು ತೆರೆದ ಸಬೀಹಾ ಗಟ್ಟಿಯಾಗಿ ಓದಿದರು: "ರೀ, ಹಾಲು ಉಕ್ಕೋ ತನಕ ಒಲೆ ಮುಂದೇನೇ ನಿಂತಿರಿ. ಪೇಪರ್ ಓದೋಕೆ ಹೋಗ್ಬೇಡಿ."

ಬೇರೆಯವರ ಬಾಯಲ್ಲಿ ಬಂದರೂ ಬೈಗುಳ ಅವಳದೇ. ನಾನು ತಲೆಯಾಡಿಸಿದೆ.

ಕೊನೆಯವರೆಗೂ ಸರಿಯಾಗಿದೆಯೇ ಎಂದು ನೋಡಲು ಅವರು ಪುಟ ಸರಿಸತೊಡಗಿದಾಗ, "ಬೇಡ, ಬೇಡ" ಎಂದು ಪರದೆಗೆ ಕೈ ಅಡ್ಡ ಹಿಡಿದೆ. ತಿಂಗಳಿಗೊಂದು ಪುಟದ ನನ್ನ ವ್ರತವನ್ನು ಹೇಳಬೇಕಾಯಿತು. ಅವರು, "ಸರಿ, ನಾನು ನೋಡ್ತೀನಿ. ನೀವು ಆ ಕಡೆ ತಿರುಗಿ ಕೂತ್ಕೊಳಿ" ಎಂದರು. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವನಂತೆ ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಹಿಂದೆ ಮೌಸಿನ ಸದ್ದು. ಸದ್ದು ನಿಂತಿತು. ಆಮೇಲೆ ಅದುಮಿಟ್ಟ ನಗು ಬುಸ್ ಎಂದು ಹೊರಗೆ ಬಂತು.

"ಎಲ್ಲಾ ಪುಟ ಬಂದಿದೆ ಸರ್. ಹದಿನಾಲ್ಕನೇದು ಮಾತ್ರ ಈಗ್ಲೇ ಓದ್ಬುಡಿ."

ತಿರುಗಿ ಓದಿದೆ. "ಕಂಪ್ಯೂಟರ್. ಆಯುಧಪೂಜೆಗೆ ಇದನ್ನ ಬಿಚ್ಬೇಡಿ. ಮೇಲೊಂದು ಬೊಟ್ಟು ಕುಂಕುಮ ಇಟ್ರೆ ಸಾಕು. ಎಣ್ಣೆ ಡಬ್ಬಿ ಕೈಯಲ್ಲಿದ್ರೆ ಕೆಳಗಿಡಿ. ನಿಮ್ಮನ್ನ ನಂಗೆ ಗೊತ್ತಿಲ್ವಾ? ಶನಿವಾರದ ಕಾಪೀನೂ ಮಾಡಿರಲ್ಲ. ಈಗ್ಲಾದ್ರೂ ಏಳ್ರೀ."

ನಕ್ಕೆನೋ ಅತ್ತೆನೋ ಗೊತ್ತಿಲ್ಲ, ಸಬೀಹಾ ಒಂದು ಲೋಟ ನೀರು ತಂದುಕೊಟ್ಟರು. "ತುಂಬಾ ಬುದ್ಧಿವಂತೆ ನಿಮ್ಮನೆಯವರು" ಎಂದರು. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಈಗ ಫೈಲಿಗೆ ಮೂರು ಕಾಪಿ ಇವೆ. ಒಂದು ಸಬೀಹಾ ಅವರ ಹತ್ತಿರವೇ ಇದೆ. ನನ್ನನ್ನು ನಂಬಬಾರದು ಎಂದು ಅವರಿಗೂ ಗೊತ್ತಾಗಿಬಿಟ್ಟಿದೆ. ಉಳಿದ ಐದು ಪುಟಗಳನ್ನು ಆವತ್ತೇ ಓದಿ ಮುಗಿಸುವುದು ಬುದ್ಧಿವಂತರ ಕೆಲಸವಾಗಿತ್ತು. ಓದಲಿಲ್ಲ. ಅದರ ಬದಲು, ಅವಳು ಅಲ್ಲಿ ಏನೇನು ಬೇಡ ಎಂದಿರಬಹುದೋ ಅದನ್ನೆಲ್ಲ ಊಹಿಸಿ ಮಾಡದೆ ಬಿಡುತ್ತಿದ್ದೇನೆ. ಮೊನ್ನೆ ಮಿಕ್ಸಿ ಕರಕರ ಎಂದಿತು. ಬಿಚ್ಚೋಣ ಎಂದು ಸ್ಕ್ರೂಡ್ರೈವರ್ ಹಿಡಿದವನು, ಇದು ಹದಿನೇಳನೇ ಪುಟದಲ್ಲಿ ಇದ್ದರೂ ಇರಬಹುದು ಎಂದು ಹಾಗೇ ಕೆಳಗಿಟ್ಟೆ. ಇಪ್ಪತ್ತೆಂಟು ವರ್ಷ ಜೊತೆಯಲ್ಲಿದ್ದಾಗ ಒಂದು ದಿನವೂ ಅವಳ ಮಾತಿಗೆ ಹೀಗೆ ಹೆದರಿದವನಲ್ಲ. ಅವತ್ತು ದೋಸೆಯನ್ನು ಚಟ್ನಿ ಇಲ್ಲದೆಯೇ ತಿಂದೆ.