ಗುಂಗುರು ಕೂದಲಿನ ಫೋಟೊ

ಎಂಬತ್ತರ ದಶಕದಲ್ಲಿ ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಫೋಟೊ ಸ್ಟುಡಿಯೊ ಇತ್ತು. ನಾನು ಎಷ್ಟು ಮುಂಚೆ ಯೋಜನೆ ಹಾಕಿದರೂ ಅದು ಕೆಡದೆ ಇರುತ್ತಿರಲಿಲ್ಲ. ಬೆಳಕು ಕಂಡರೆ ಮೈಮರೆಯುವುದು ನನ್ನ ಹುಟ್ಟುಗುಣ.

ಯಾದಿ

ಸರಸಂಬಾ ಹಳ್ಳಿಯ ಒಂದು ಜಂಗಮರ ಮನೆಯಲ್ಲಿ ಅಯ್ಯಾಚಾರವಿತ್ತು. ಅಂದು ಹುಡುಗನ ತಲೆ ಬೋಳಿಸಿ, ದೀಕ್ಷೆ ಕೊಟ್ಟು, ಜೋಳಿಗೆ ಹಾಕುತ್ತಾರೆ. ಆಮೇಲೆ ಮನೆಯ ಹಿರಿಯರಿಗೂ ಅವನು ಅಯ್ಯಾರು. ಹುಡುಗನ ಕಾಕಾ, ಅಂದರೆ ಚಿಕ್ಕಪ್ಪ, ಹುಟ್ಟಾ ಬಕ್ಕತಲೆಯವರು, ಬೇಕಾದ ಫೋಟೊಗಳ ಯಾದಿ ಹಿಡಿದು ಸ್ಟುಡಿಯೊಗೆ ಬಂದರು. ಕಾಕಾ ಸ್ವಾಮಿಗಳ ಜೊತೆ, ಕಾಕಾ ಬೀಗರ ಜೊತೆ, ಕಾಕಾ ಎತ್ತಿನ ಜೊತೆ. ಕೊನೆಗೆ ಕಾಕಾ ಒಬ್ಬರೇ, ಗೋಡೆಗೆ ಹಾಕುವಂಥದ್ದು. ಹುಡುಗನದು ಯಾವುದು ಎಂದು ಕೇಳಿದೆ. ಅವರು ಯಾದಿಯನ್ನು ತಿರುವಿ ಹಿಂಬದಿ ನೋಡಿದರು.

"ಅಂವ ಬಾಜೂಕ ನಿಂದರ್ತಾನ್ರಿ."

ಆಯಿ

ಅಯ್ಯಾಚಾರದ ಹಿಂದಿನ ದಿನ ಜಾಗ ನೋಡಲು ಹೋದಾಗ ಹುಡುಗನ ಅಜ್ಜಿ, ಊರೆಲ್ಲ ಆಯಿ ಎನ್ನುವವರು, ನನ್ನನ್ನು ಪಕ್ಕಕ್ಕೆ ಕರೆದು ಮೊಮ್ಮಗನ ಗುಂಗುರು ಕೂದಲು ತೋರಿಸಿದರು.

"ನಮ್ಮ ಮನಿಯವರದೂ ಹಿಂಗs ಇತ್ರಿ. ಅವರು ಹೋದ್ರು, ಅವರದೊಂದು ಫೋಟೊ ಇಲ್ಲ. ಬೋಳ್ಸೂಕಿಂತ ಮೊದಲ ಇದನ್ನಷ್ಟು ತಗೀರಿ."

ಎಲ್ಲಕ್ಕಿಂತ ಮೊದಲು ಅದನ್ನೇ ತೆಗೆಯುತ್ತೇನೆಂದು ಮಾತು ಕೊಟ್ಟೆ.

ಬಿಸಿಲು

ಬೆಳಗ್ಗೆ ತೊಗರಿ ಹೊಲದ ಮೇಲೆ ಮಂಜು ಇನ್ನೂ ಮಲಗಿತ್ತು. ಹಂಡೆ ಒಲೆಯ ಹೊಗೆ ಅಂಗಳದಲ್ಲಿ ತೇಲುತ್ತಿತ್ತು. ಹುಡುಗ ಮಣೆಯ ಮೇಲೆ ಅರೆನಿದ್ದೆಯಲ್ಲಿ ಕೂತಿದ್ದ. ಬೇವಿನ ಗಿಡ ದಾಟಿದ ಮೊದಲ ಬಿಸಿಲು ಆ ಗುಂಗುರಿನ ಮೇಲೆ ಬಿದ್ದರೆ ಹೇಗಿರುತ್ತದೆ ಎಂದು ಕನಸು ಕಾಣುತ್ತ, ಗಿಡವನ್ನೇ ನೋಡುತ್ತ ನಿಂತೆ.

ಬಿಸಿಲು ಬಂತು. ತಿರುಗಿದೆ. ಹುಡುಗನ ಬೋಳುತಲೆ ಥಳಥಳ ಹೊಳೆಯುತ್ತಿತ್ತು. ಕ್ಷೌರಿಕರು ಕತ್ತಿ ಒರೆಸುತ್ತಿದ್ದರು.

"ಮುಹೂರ್ತ ಮೀರಾಕತ್ತಿತ್ರಿ. ಎರಡು ಸಲ ಕರದೆ, ನೀವು ಗಿಡದ ಕೂಡ ಮಾತಾಡಾಕತ್ತಿದ್ರಿ."

ಗೋಡೆ

ಆಯಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ತಾಟಿನಲ್ಲಿದ್ದ ಕೂದಲನ್ನು ನೋಡಿದರು, ಆಮೇಲೆ ತಮ್ಮ ಮಗ ಕಾಕಾನನ್ನು. ಕಾಕಾನ ಮುಖ ಥೇಟ್ ಅವರ ಅಪ್ಪನದೇ ಅಂತೆ, ತಲೆಗೂದಲೊಂದೇ ಕೊರತೆ. ಆಯಿ ಹರಳೆಣ್ಣೆ ತರಿಸಿ ಆ ತಲೆಗೆ ಸವರಿ, ಗುಂಗುರುಗಳನ್ನು ಒಂದೊಂದಾಗಿ ಅಂಟಿಸತೊಡಗಿದರು. ಮೈಲಿಗೆಯಾಯಿತು, ಮತ್ತೆ ಜಳಕ ಮಾಡಬೇಕು ಎಂದು ಕಾಕಾ ಗೊಣಗಿದರು. ಅವರೊಬ್ಬರದೇ ಫೋಟೊ ಎಂದು ನಾನು ಹೇಳಿದ ಮೇಲೆ ಸೆಟೆದು ಕೂತರು.

ಆಯಿ ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿ, ಗಂಡನೇ ಎದುರು ಕೂತಂತೆ ಮೆಲ್ಲಗೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಈ ಸಲ ನಾನು ಬಿಸಿಲಿಗೆ ಕಾಯಲಿಲ್ಲ.

ಮರುವರ್ಷ ಹೋದಾಗ ಆ ಫೋಟೊ ಪಡಸಾಲೆಯ ಗೋಡೆ ಏರಿತ್ತು. ಮೇಲೆ ವಿಭೂತಿ, ಚೆಂಡುಹೂವಿನ ಹಾರ. ಬಂದವರೆಲ್ಲ ತೀರಿಕೊಂಡ ಹಿರಿಯರೆಂದು ಕೈಮುಗಿದು ಹೋಗುತ್ತಿದ್ದರು. ಅದರ ಕೆಳಗೇ ಕೂತು ಚಹಾ ಕುಡಿಯುತ್ತಿದ್ದ ಕಾಕಾ ನನ್ನ ಕಡೆ ಬಾಗಿದರು.

"ಗೋಡೆಗೆ ಹಾಕುವಂಥದ್ದು ನಾನs ಕೇಳಿದ್ದೆ, ಖರೇ. ಆದ್ರ ನಾ ಇನ್ನಾ ಜೀವಂತ ಅದೇನಿ ಅಂತ ಅವ್ವಗ ನೀವರೆ ಹೇಳ್ರಿ."