ನಾಲ್ಕು ಬಲ್ಬಿನ ಜೋಗುಳ

ಖಾಲಿ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎಂಜಿನಿಯರ್ ಗಂಡನದು ಹಚ್ಚುವ ಕೈ, ಅವಳದು ಆರಿಸುವ ಕೈ. ಮೂರು ವರ್ಷದಿಂದ ಸಂಸಾರ ಸಾಗಿದ್ದೇ ಹೀಗೆ.

ಲ್ಯಾಬಿಗೆ ಬಣ್ಣ ಹೊಡೆಯುತ್ತಿದ್ದಾರೆಂದು ಆ ಮಹಾಶಯ ಕುಕ್ಕರಿನಷ್ಟು ದಪ್ಪದ ಸ್ಟರ್ಲಿಂಗ್ ಎಂಜಿನ್ನನ್ನು ಮನೆಗೇ ಹೊತ್ತು ತಂದು ಹಿಂದಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದ. ಒಂದು ತುದಿಗೆ ಬೆಂಕಿ, ಇನ್ನೊಂದಕ್ಕೆ ತಣ್ಣೀರು. ಒಳಗಿನ ಪಿಸ್ಟನ್ ಹಿಂದೆ ಮುಂದೆ ಓಡಾಡಿ ಕರೆಂಟು ಕೊಡುತ್ತದೆ. ಅದರ ಓಟಕ್ಕೆ ಲಗಾಮು ಹಾಕುವ ಕಂಟ್ರೋಲರ್ ಡಬ್ಬಿ ಅವನ ಆರು ತಿಂಗಳ ತಪಸ್ಸು.

“ಇದು ಮಗೂನ ಎಬ್ಬಿಸಿದ್ರೆ ನಿಮ್ಮಿಬ್ಬರನ್ನೂ ಬೀದಿಗೆ ಹಾಕ್ತೀನಿ,” ಎಂದಳು. (ಎಂಟು ತಿಂಗಳ ಮಗ ಪುಟ್ಟ, ಹಗಲಲ್ಲಿ ಇಪ್ಪತ್ತು ನಿಮಿಷದ ಮೇಲೆ ಮಲಗಿದವನಲ್ಲ. ಅವಳ ಡೈರಿಯ ತುಂಬ ‘ಎದ್ದ’, ‘ಎದ್ದ’, ‘ಮತ್ತೆ ಎದ್ದ’.)

ಎಂಜಿನ್ ಶುರುವಾಯಿತು. ಗುಂಯ್ಯ್... ಗುಂಯ್... ಏರುತ್ತ, ಇಳಿಯುತ್ತ. ತೊಟ್ಟಿಲಲ್ಲಿ ಪುಟ್ಟ ಕಿವಿಗೊಟ್ಟ, ಆಕಳಿಸಿದ, ಮಲಗಿಯೇಬಿಟ್ಟ! ಒಂದು ಗಂಟೆ. ಎರಡು ಗಂಟೆ. ಅವಳು ತಲೆಗೆ ನೀರು ಹಾಕಿಕೊಂಡಳು, ಊಟ ಬಿಸಿಯಿರುವಾಗಲೇ ಉಂಡಳು. ಕಣ್ಣು ತುಂಬಿ ಬಂತು.

ಹಾಗೇ ಹಿಂದಿನ ಕೋಣೆಗೆ ಇಣುಕಿದರೆ, ಹಾಡುಹಗಲಲ್ಲಿ ನಾಲ್ಕು ಬಲ್ಬು ಉರಿಯುತ್ತಿವೆ! ಒಂದು ನರಪಿಳ್ಳೆಯೂ ಇಲ್ಲ. ಕೈ ಕೇಳೀತೆ? ಟಕ್, ಟಕ್, ಟಕ್, ಟಕ್.

ಠಣ್! ಠಣಠಣ! ಪಿಸ್ಟನ್ ತಲೆ ಚಚ್ಚಿಕೊಳ್ಳತೊಡಗಿತು. ಪುಟ್ಟ ಅದಕ್ಕಿಂತ ಒಂದು ಶ್ರುತಿ ಮೇಲೆ ಕೂಗಿದ. ಗಂಡ ಓಡಿಬಂದ.

“ಅಯ್ಯೋ, ಅದರ ಕರೆಂಟು ಕುಡಿಯೋ ಆ ಬಲ್ಬೇ ಕಣೇ ಅದಕ್ಕೆ ಹೊರೆ! ಹೊರೆ ಇಳಿಸಿದ್ರೆ ಹುಚ್ಚೆದ್ದು ಓಡುತ್ತೆ!”

“ಮತ್ತೆ ನಿಮ್ಮ ಲಗಾಮಿನ ಡಬ್ಬಿ ಏನ್ ಕಡಿದು ಗುಡ್ಡೆ ಹಾಕ್ತಿತ್ತು?”

“ಲ್ಯಾಬಲ್ಲಿ ಒಂದೊಂದೇ ಆರಿಸಿ ನೋಡಿದ್ವಿ. ನಾಲ್ಕೂ ಒಟ್ಟಿಗೆ ಯಾರು ಆರಿಸ್ತಾರೆ ಅಂತ...”

“ಮನೇಲಿ ಹೆಂಡ್ತಿ ಇರೋರು ಯೋಚಿಸ್ಬೇಕಿತ್ತು.”

ಎರಡು ದಿನ ಅವನು ಡಬ್ಬಿಯೊಳಗೇ ತಲೆ ಹುದುಗಿಸಿದ. ಮೂರನೆಯ ಮಧ್ಯಾಹ್ನ, ಪುಟ್ಟ ಗುಂಯ್‌ಗುಟ್ಟುವಿಕೆಗೆ ಮಲಗಿದ್ದಾಗ, ಹೊಸ ಏರ್ಪಾಡನ್ನು ಚಾಲೂ ಮಾಡಿ, “ಈಗ ಆರಿಸು!” ಎಂದ. ಅವಳು ಉಸಿರು ಬಿಗಿಹಿಡಿದು ನಾಲ್ಕನ್ನೂ ಆರಿಸಿದಳು. ಠಣ್ ಇಲ್ಲ! ಗೆರೆ ಎಳೆದಂಥ ಒಂದೇ ಸಮನಾದ ಸದ್ದು.

“ನೋಡು, ಏರಿಳಿತಾನೇ ಇಲ್ಲ! ಆ ಗುಂಯ್ ಗುಂಯ್ ಇತ್ತಲ್ಲ, ಅದೂ ದೋಷಾನೇ. ಕಿತ್ತುಹಾಕಿದೆ.”

ಪುಟ್ಟ ಕಣ್ಣು ಬಿಟ್ಟ. ತುಟಿ ಸೊಟ್ಟಗಾಯಿತು. ಆಮೇಲೆ ಮನೆಯೇ ಹಾರಿಹೋಗುವಂತೆ ಅತ್ತ.

“ರೀ, ಆ ದೋಷ ವಾಪಸ್ ಹಾಕ್ರೀ!”

“ಆರು ತಿಂಗಳ ಕೆಲಸ ಕಣೇ! ನಾಳೆ ಲ್ಯಾಬಿಗೆ ಒಯ್ಯಬೇಕು.”

“ಹಾಗಿದ್ರೆ ನೀವೇ ದೋಷ ಆಗಿ!”

“ಆಗ್ತೀನಿ. ಆದ್ರೆ ತಲೆ ಮೇಲೆ ನಾಲ್ಕೂ ಬಲ್ಬು ಉರೀತಿರ್ಬೇಕು. ಒಂದು ಆರಿಸಿದ್ರೂ ಠಣ್ ಅಂತೀನಿ.”

ಭಾನುವಾರ ಮಧ್ಯಾಹ್ನದ ಡೈರಿ: ‘ಇವರು ತೊಟ್ಟಿಲ ಪಕ್ಕ ಕೂತು ಏರಿಸಿ ಇಳಿಸಿ ಗುಂಯ್ ಅನ್ನುತ್ತಿದ್ದಾರೆ. ಪುಟ್ಟ ಮಲಗಿ ಎರಡು ಗಂಟೆ. ಕಿಟಕಿಯ ತುಂಬ ಬಿಸಿಲು, ಬಲ್ಬು ನಾಲ್ಕು. ಆರಿಸುವ ಕೈಯ ಮೇಲೆ ಕುಳಿತುಕೊಂಡು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ.’