ಚಿಕ್ಕಪ್ಪ ಕೇಳಿದ ಚೆರೋಕಿ ಗೋತ್ರ

ನಮ್ಮ ಚಿಕ್ಕಪ್ಪನ ಮುಂದೆ ನೀವು ಯಾರೆಂದು ಮಾತ್ರ ಹೇಳಿಕೊಳ್ಳಬೇಡಿ. ಹೇಳಿಕೊಂಡರೆ ಹತ್ತು ನಿಮಿಷದೊಳಗೆ ನಿಮಗೇ ನಿಮ್ಮ ಮೇಲೆ ಅನುಮಾನ ಶುರುವಾಗುತ್ತದೆ. ನಾನು ಅವರ ಸ್ವಂತ ಅಣ್ಣನ ಮಗಳು. ಓದಲೆಂದು ಅಮೆರಿಕದ ಆಸ್ಟಿನ್‌ಗೆ ಬಂದು, ಮೊದಲ ಸಲ ಡಲ್ಲಾಸ್ ಪಕ್ಕದ ಯೂಲೆಸ್‌ನ ಅವರ ಮನೆಗೆ ಹೋದಾಗ ಬಾಗಿಲು ತೆರೆದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣನ ಮಗಳು ಅಂತ ಹೇಗೆ ನಂಬೋದು? ಮೂಗು ಅಣ್ಣಂದಲ್ಲ, ಅತ್ತಿಗೇದೂ ಅಲ್ಲ" ಎಂದರು.

"ಅಜ್ಜಿದು. ನಿಮಗೂ ಅದೇ ಇದೆ, ಕನ್ನಡಿ ನೋಡ್ಕೊಳ್ಳಿ" ಎಂದೆ.

ಸೂಟ್‌ಕೇಸ್ ಒಳಗೆ ತೆಗೆದುಕೊಂಡರು. ಅವರ ಮಟ್ಟಿಗೆ ಅದು ಅಪ್ಪುಗೆ.

ವಾರದ ಐದು ದಿನ ಚಿಕ್ಕಪ್ಪ ಡಲ್ಲಾಸ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಾರೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ. ಉಳಿದೆರಡು ದಿನ ಮನುಷ್ಯರಲ್ಲಿ ಹುಡುಕುತ್ತಾರೆ, ಉಚಿತವಾಗಿ. ಒಂದು ಕಡೆ ಕೂರುವ ಜಾತಿಯಲ್ಲ. ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಹಿತ್ತಿಲಿಗೆ ಓಡಾಡುತ್ತಲೇ ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡುವವರೂ ಹಿಂದೆ ಹಿಂದೆ ಓಡಬೇಕು. ಮಾತಿನಲ್ಲಿ ಸೋತವರಿಗಿಂತ ಮೇಲುಸಿರು ಬಂದು ಒಪ್ಪಿಕೊಂಡವರೇ ಹೆಚ್ಚು.

ಕನ್ನಡದವರ ಪಾಟ್‌ಲಕ್‌ನಲ್ಲಿ ಹೊಸಬರೊಬ್ಬರು ಬಿಸಿಬೇಳೆಭಾತ್ ಬಡಿಸಿಕೊಳ್ಳುತ್ತ "ನಾವು ಮೈಸೂರಿನವರು ಅಂಕಲ್" ಎಂದರು. ಪಾಪ!

"ಮೈಸೂರು ಅಂದ್ರೆ ಎಲ್ಲಿ?"

"ಮೈಸೂರೇ. ಸ್ವಲ್ಪ ಈಚೆ."

"ಎಷ್ಟು ಈಚೆ?"

"ನಂಜನಗೂಡು ರೋಡು..."

"ರೋಡಲ್ಲಿ ಯಾರೂ ಹುಟ್ಟಲ್ಲ. ಊರು ಹೇಳಿ."

ಆ ಮನುಷ್ಯ ಕೊನೆಗೆ ಗುಂಡ್ಲುಪೇಟೆ ಎಂದು ಒಪ್ಪಿಕೊಂಡಾಗ ಬಿಸಿಬೇಳೆಭಾತ್ ತಣ್ಣಗಾಗಿತ್ತು. ವಿಚಿತ್ರವೆಂದರೆ, ಅಲ್ಲಿಂದ ಮುಂದೆ ಅವರಿಬ್ಬರೂ ಜೀವದ ಗೆಳೆಯರು. ಚಿಕ್ಕಪ್ಪನಿಗೆ ಗುಂಡ್ಲುಪೇಟೆಯ ಮೇಲೆ ಎಂಥ ದ್ವೇಷವೂ ಇಲ್ಲ, ಈಚೆ ಎಂಬ ಪದದ ಮೇಲಿದೆ ಅಷ್ಟೆ.

ಇಂಥವರಿಗೆ ದೇವರು ಪೌರೋಹಿತ್ಯವನ್ನೂ ಕಲಿಸಿಬಿಟ್ಟಿದ್ದಾನೆ. ಡಲ್ಲಾಸಿನ ಸುತ್ತಮುತ್ತ ಯಾರೇ ಮನೆ ಕೊಂಡರೂ ಗೃಹಪ್ರವೇಶಕ್ಕೆ ಇವರೇ. ಗೋತ್ರ ಗೊತ್ತಿಲ್ಲದೆ ಸಂಕಲ್ಪ ಮಾಡಿಸುವುದಿಲ್ಲ ಎಂಬುದು ಇವರ ಕಾನೂನು. ಒಬ್ಬ ಹುಡುಗನಿಗೆ ಗೋತ್ರ ಗೊತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟಾಗಿತ್ತು, ಫೋನ್ ಕಾರ್ಡ್ ಕೆರೆದು ಅವನ ತಂದೆಗೆ ದಾವಣಗೆರೆಗೆ ಫೋನ್ ಹಚ್ಚಿದರು. ಹಾಲು ಉಕ್ಕಿತು, ಸ್ಮೋಕ್ ಅಲಾರ್ಮ್ ಹೊಡೆದುಕೊಂಡಿತು, ಗೋತ್ರ ಬರಲಿಲ್ಲ. ಆ ಕಡೆಯಿಂದ ತಂದೆ, "ಗೋತ್ರ ಆಮೇಲ್ ಹೇಳ್ತೀನ್ರಿ, ಮೊದ್ಲು ನೀವ್ಯಾರು ಅದ್ನ ಹೇಳ್ರಿ" ಎಂದರಂತೆ. ಚಿಕ್ಕಪ್ಪ ಫೋನಿಗೆ ಕೈ ಅಡ್ಡ ಹಿಡಿದು ನೆರೆದವರಿಗೆಲ್ಲ ಹೇಳಿದರು: "ನೋಡಿ, ಇವರು ಸರಿಯಾದ ಮನುಷ್ಯ."

ನಾನು ಗೋತ್ರಗೀತ್ರ ನಂಬುವವಳಲ್ಲ. ಕಾಲೇಜಿನ ದಿನಗಳಿಂದಲೂ ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು, ಪುರಾವೆ ಇಲ್ಲದೆ ಪಾಯಸವನ್ನೂ ಒಪ್ಪುವುದಿಲ್ಲ. ಯಾರೋ ಋಷಿಯಿಂದ ನಾವು ಇಳಿದುಬಂದೆವು ಎನ್ನುವುದಕ್ಕೆ ಆಧಾರವೇನೆಂದು ಒಮ್ಮೆ ಕೇಳಿದೆ. "ಆಧಾರ ಇಲ್ಲ ಕಣೇ. ಅದಕ್ಕೇ ಸರಿಯಾಗಿ ಜ್ಞಾಪಕ ಇಟ್ಕೋಬೇಕು" ಎಂದರು. ನಾನು ಇವತ್ತಿಗೂ ಖಂಡಿಸಲಾಗದ ಅವರ ಒಂದೇ ವಾದ ಅದು.

ಚಿಕ್ಕಪ್ಪನ ಪಕ್ಕದ ಮನೆ ವಾಂಡಾ ಅವರದು. ಶಾಲಾ ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಗಂಡ ಇಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಸಂಜೆ ನಮ್ಮ ಹಿತ್ತಿಲಿನಲ್ಲಿ ಕುಳಿತು ಚಿಕ್ಕಮ್ಮನ ಕೋಡುಬಳೆ ಮುರಿಯುತ್ತ, ಹತ್ತಿರದ ನಿಲ್ದಾಣಕ್ಕೆ ಇಳಿಯುವ ವಿಮಾನ ನೋಡುತ್ತಾರೆ. ಅವರನ್ನು ಸಾಕಿದ್ದು ಅಜ್ಜಿ. ಆ ಅಜ್ಜಿ "ನಾವು ಚೆರೋಕಿಗಳು" ಎಂದು ಹೇಳುತ್ತಿದ್ದರಂತೆ, ಅದಕ್ಕಿಂತ ಹೆಚ್ಚು ಒಂದು ಮಾತೂ ಹೇಳಲಿಲ್ಲವಂತೆ. ಚೆರೋಕಿಗಳೆಂದರೆ ಅಮೆರಿಕದ ಮೂಲನಿವಾಸಿಗಳಲ್ಲಿ ಒಂದು ಬುಡಕಟ್ಟು. ಹ್ಯೂಸ್ಟನ್‌ನಲ್ಲಿ ತಾವೇ ಚೆರೋಕಿ ಬುಡಕಟ್ಟು ಎಂದು ಹೇಳಿಕೊಳ್ಳುವ ಒಂದು ಸಂಘ ವಾಂಡಾರನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಇಸವಿ ಎರಡು ಸಾವಿರ ಆದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆಯ ಗಲಾಟೆ ಮುಗಿದ ವರ್ಷ ಅದು. ಕಂಪ್ಯೂಟರುಗಳು ಕೆಡಲಿಲ್ಲವೆಂಬ ಬೇಸರದಲ್ಲಿ ಚಿಕ್ಕಪ್ಪ ಚಡಪಡಿಸುತ್ತಿದ್ದಾಗಲೇ ವಾಂಡಾ ಕೇಳಿದರು.

"ನೀನು ಟೆಸ್ಟ್ ಮಾಡೋನಲ್ವಾ? ಇವರನ್ನ ಟೆಸ್ಟ್ ಮಾಡು. ಸಾಯೋದ್ರೊಳಗೆ ನಾನು ಯಾರವಳು ಅಂತ ಗೊತ್ತಾಗ್ಬೇಕು. ಸುಳ್ಳಾದ್ರೆ ನನಗೆ ಬೇಡ."

ಹಸಿದ ಹುಲಿಗೆ ಔತಣ! ಚಿಕ್ಕಪ್ಪ ಮರುದಿನವೇ ಆಫೀಸಿನಲ್ಲಿ ರೂತ್‌ಳ ಮೇಜಿನ ಹತ್ತಿರ ಹೋಗಿ ನಿಂತರು. ರೂತ್ ಅವರ ಜೊತೆ ಕೆಲಸ ಮಾಡುವ ಪ್ರೋಗ್ರಾಮರ್. ಒಕ್ಲಹೋಮಾದ ಚೆರೋಕಿ ಮನೆತನದವಳು, ಬೆಳೆದದ್ದು ಡಲ್ಲಾಸ್‌ನಲ್ಲಿ. ಅವಳ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಚಿಕ್ಕಪ್ಪನ ಕೆಲಸವಾದ್ದರಿಂದ ಇಬ್ಬರೂ ಗೆಳೆಯರೆಂದು ಹೇಳಲಾಗದು. ಆದರೂ ಅವಳು ಊಟ ಮಾಡುತ್ತ ಒಂದಿಷ್ಟು ಹೇಳಿದಳು. ಸಂಜೆ ನನಗೆ ಫೋನ್ ಬಂತು.

"ಏಳು ಕುಲ ಕಣೇ ಅವರಲ್ಲಿ. ನಮ್ಮ ಗೋತ್ರದ ಥರಾನೇ. ಒಂದೇ ಕುಲದಲ್ಲಿ ಮದುವೆ ಆಗೋ ಹಾಗಿರಲಿಲ್ಲವಂತೆ. ಆದರೆ ಅದು ಬರೋದು ತಾಯಿ ಕಡೆಯಿಂದ."

"ಹಾಗಾದ್ರೆ ಅವರ ಲೆಕ್ಕದಲ್ಲಿ ನಿಮ್ಮದು ನಿಮ್ಮಮ್ಮನ ತವರಿನ ಗೋತ್ರ."

"ಅದನ್ನೇ ಯೋಚನೆ ಮಾಡ್ತಾ ಹೈವೇಲಿ ಇಳಿಯೋ ಎಕ್ಸಿಟ್ ತಪ್ಪಿಸ್ಕೊಂಡೆ. ಶನಿವಾರ ರೆಡಿಯಾಗಿರು, ಹ್ಯೂಸ್ಟನ್‌ಗೆ ಹೋಗ್ಬೇಕು."

"ಸೋಮವಾರ ನನಗೆ ಪರೀಕ್ಷೆ ಇದೆ."

"ಡಿಬೇಟಲ್ಲಿ ಕಪ್ ಗೆದ್ದಿದ್ದು ಶೋಕೇಸಲ್ಲಿ ಇಡೋಕಾ?"

ಯೂಲೆಸ್‌ನಿಂದ ಹ್ಯೂಸ್ಟನ್‌ಗೆ ನೇರ ದಾರಿಯಿದೆ. ಅದನ್ನು ಬಿಟ್ಟು, ನನ್ನನ್ನು ಹತ್ತಿಸಿಕೊಳ್ಳಲು ಆಸ್ಟಿನ್ ಸುತ್ತಿ ಬಂದರು. ಮುಂದಿನ ಸೀಟಿನಲ್ಲಿ ವಾಂಡಾ, ಮಡಿಲಲ್ಲಿ ಚಿಕ್ಕಮ್ಮ ಕೊಟ್ಟ ಪುಳಿಯೋಗರೆ ಡಬ್ಬಿ. ದಾರಿಯುದ್ದಕ್ಕೂ ಚಿಕ್ಕಪ್ಪ ಲೇನ್ ಬದಲಿಸುತ್ತ ಪ್ರಶ್ನೆಗಳನ್ನು ಅಭ್ಯಾಸ ಮಾಡಿದರು. ಬಸ್ ಓಡಿಸಿದ ಜೀವ ಸುಮ್ಮನಿರುತ್ತದೆಯೇ? ವಾಂಡಾ ಒಂದೇ ಮಾತು ಹೇಳಿದರು: "ನನ್ನ ಬಸ್ಸಿನಲ್ಲಿ ಆಗಿದ್ರೆ ನಿನ್ನನ್ನ ಇಳಿಸ್ತಿದ್ದೆ."

ಹ್ಯೂಸ್ಟನ್ ಅಂಚಿನ ಮಿಸೌರಿ ಸಿಟಿಯ ದಾರಿಯಲ್ಲಿ, ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ನಮ್ಮವರ ಸೀರೆ ಅಂಗಡಿ, ನಡುವೆ ಬುಡಕಟ್ಟು! ಒಳಗೆ ಎ.ಸಿ. ಹಾಲಿನಲ್ಲಿ ಕ್ಯಾನ್ವಾಸಿನ ಡೇರೆ ನಿಲ್ಲಿಸಿದ್ದರು. ಮುಖ್ಯಸ್ಥರು ನೆತ್ತಿಯಿಂದ ಬೆನ್ನಿನವರೆಗೆ ಗರಿ ತೊಟ್ಟಿದ್ದರು. ಉಳಿದ ದಿನಗಳಲ್ಲಿ ಈಜುಕೊಳ ಮಾರುತ್ತಾರೆಂದು ತಾವೇ ಹೇಳಿಕೊಂಡರು. ಚೆರೋಕಿಗಳು ಹಿಂದೆಯೂ ಮರದ ಮನೆಗಳಲ್ಲಿ ಇದ್ದವರು, ಆ ಡೇರೆ, ಆ ಗರಿಯ ಕಿರೀಟ ಅಮೆರಿಕದ ಬಯಲುಸೀಮೆಯ ಬೇರೆ ಬುಡಕಟ್ಟಿನವರದು ಎಂದು ರೂತ್ ಮೊದಲೇ ಹೇಳಿದ್ದಳು. ಚಿಕ್ಕಪ್ಪ ನನ್ನ ಕಿವಿಯಲ್ಲಿ, "ಮೈಸೂರು ಪೇಟ ಸುತ್ಕೊಂಡು ನಾನು ಪಂಜಾಬಿ ಅಂದ ಹಾಗಾಯ್ತು" ಎಂದರು.

ಆದರೆ ಒಂದು ಮಾತು ಹೇಳಲೇಬೇಕು. ಮುಖ್ಯಸ್ಥರ ಹೆಂಡತಿ ವಾಂಡಾರಿಗೆ ತಾವೇ ಮೆತ್ತನೆಯ ಕುರ್ಚಿ ತಂದುಕೊಟ್ಟು, ಕೈಹಿಡಿದು, "ಮನೆಗೆ ಬಂದಿರಿ" ಎಂದರು. ವಾಂಡಾರ ಕಣ್ಣು ತುಂಬಿತು. ಚಿಕ್ಕಪ್ಪ ಮಾತ್ರ ಹಾಲಿನ ಉದ್ದಗಲ ನಡೆಯಲು ಶುರುಮಾಡಿದ್ದರು. ಗರಿಗಳು ಹಿಂದೆ ಹಿಂದೆ ಓಡಿದವು.

"ನಿಮ್ಮ ಕುಲ ಯಾವುದು?"

"ಹದ್ದಿನ ಕುಲ. ನಮ್ಮ ತಂದೆಯಿಂದ ಬಂದದ್ದು."

ಏಳರಲ್ಲಿ ಹದ್ದು ಇಲ್ಲ, ತಂದೆಯಿಂದ ಬರುವುದಂತೂ ಇಲ್ಲವೇ ಇಲ್ಲ. ಒಂದೇ ಉತ್ತರದಲ್ಲಿ ಎರಡು ಬಗ್! ಚಿಕ್ಕಪ್ಪನ ಮುಖದಲ್ಲಿ ಹಬ್ಬ.

"ನಿಮ್ಮ ತಂದೆಯ ಕಡೆ ಚೆರೋಕಿ ಯಾರು?"

"ಮುತ್ತಜ್ಜಿ. ರಾಜಕುಮಾರಿ."

"ಅಲ್ಲಿ ಕೂತಿರೋ ಅವರ ಮುತ್ತಜ್ಜಿ?"

"ಅವರೂ ರಾಜಕುಮಾರಿ."

"ಎಲ್ಲರ ಮುತ್ತಜ್ಜಿಯೂ ರಾಜಕುಮಾರಿ ಆದ್ರೆ ಅಡುಗೆ ಯಾರು ಮಾಡ್ತಿದ್ರು?"

ದಾಖಲೆಗಳೆಲ್ಲ ಕೋರ್ಟಿಗೆ ಬೆಂಕಿ ಬಿದ್ದಾಗ ಸುಟ್ಟುಹೋದವು ಎಂದು ಮುಖ್ಯಸ್ಥರು ಹೇಳಿದರು. ನಂತರ, ನನ್ನ ಕಡೆ ತಿರುಗಿ, ಆ ದಿನದ ಅವರ ಅತ್ಯುತ್ತಮ ವಾದವನ್ನು ಮಂಡಿಸಿದರು. "ಯಾರು ಚೆರೋಕಿ ಅಂತ ಹೇಳೋಕೆ ವಾಷಿಂಗ್ಟನ್ ಯಾರಮ್ಮ? ಈ ಜನರ ನೆಲ ಕಿತ್ತುಕೊಂಡ ಸರ್ಕಾರವೇ ಗುರುತಿನ ಚೀಟಿಯನ್ನೂ ಕೊಡಬೇಕಾ?"

ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ನಾನು ಹೇಳಿದೆ: "ಬೇಡ, ವಾಷಿಂಗ್ಟನ್ ಬಿಡಿ. ಒಕ್ಲಹೋಮಾದಲ್ಲಿ, ಉತ್ತರ ಕೆರೊಲಿನಾದಲ್ಲಿ ಚೆರೋಕಿಗಳದೇ ಸರ್ಕಾರಗಳಿವೆ. ಅವರು ನಿಮ್ಮನ್ನ ನಮ್ಮವರು ಅಂತಾರಾ?"

"ಅವರು ನಮ್ಮನ್ನ ಕಂಡರೆ ಅಸೂಯೆಪಡ್ತಾರೆ."

"ನೀವು ಯಾರು ಅಂತ ಹೇಳಬೇಕಾದ್ದು ವಾಷಿಂಗ್ಟನ್ನೂ ಅಲ್ಲ, ಅವರೂ ಅಲ್ಲ ಅಂದ್ರೆ ಉಳಿದದ್ದು ನೀವೇ. ಅರ್ಜಿನೂ ನಿಮ್ಮದೇ, ತೀರ್ಪೂ ನಿಮ್ಮದೇ."

"ರಕ್ತಕ್ಕೆ ಗೊತ್ತಾಗುತ್ತಮ್ಮ."

"ನನ್ನ ರಕ್ತಕ್ಕೆ ನನ್ನ ಬ್ಲಡ್ ಗ್ರೂಪೇ ಗೊತ್ತಿಲ್ಲ, ಲ್ಯಾಬಿಗೆ ಕಳಿಸಬೇಕಾಯ್ತು."

ಗೆದ್ದೆವು. ಕಾರಿನಲ್ಲಿ ಚಿಕ್ಕಪ್ಪನೂ ನಾನೂ ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಗೆಲುವನ್ನು ಮತ್ತೆ ಆಡಿ ತೋರಿಸುತ್ತಿದ್ದೆವು. ಹೈವೇ ಹಿಡಿದು ಬಹಳ ಹೊತ್ತಾದ ಮೇಲೆ ವಾಂಡಾ ಕಿಟಕಿಯತ್ತ ನೋಡುತ್ತಲೇ, "ನನಗೆ ಕುರ್ಚಿ ತಂದುಕೊಟ್ಟರು" ಎಂದರು. ಕಾರು ಒಂದೇ ಲೇನಿನಲ್ಲಿ ಸಾಗಿತು.

"ಅವರು ಸುಳ್ಳು, ಸರಿ. ನಾನು?" ಎಂದರು. "ನನ್ನನ್ನೂ ಟೆಸ್ಟ್ ಮಾಡಿಸು. ಆ ನಿಮ್ಮ ಆಫೀಸಿನವಳನ್ನ ಕರಿ."

ರೂತ್ ಮುಂದಿನ ಶನಿವಾರ ಮಧ್ಯಾಹ್ನ ಯೂಲೆಸ್‌ಗೆ ಬಂದಳು. ಚಿಕ್ಕಮ್ಮ ಚಿತ್ರಾನ್ನ ಮಾಡಿದ್ದರು. ವಾಂಡಾರ ಈ ಪರೀಕ್ಷೆಯನ್ನು ನಾನು ತಪ್ಪಿಸಿಕೊಳ್ಳುವುದುಂಟೆ? ಬಸ್ ಹಿಡಿದು ಹಾಜರಾಗಿದ್ದೆ. ರೂತ್ ಓಡಾಡಲಿಲ್ಲ, ವಾಂಡಾರ ಎದುರು ಕುಳಿತು ಒಂದೊಂದೇ ಕೇಳಿದಳು. ಅಜ್ಜಿ ಎಲ್ಲಿಯವರು, ಅಜ್ಜಿಯ ತಾಯಿ ಯಾರು, ಯಾವ ನೆಂಟರು ಬರುತ್ತಿದ್ದರು. ವಾಂಡಾರಿಗೆ ಗೊತ್ತಿದ್ದದ್ದು ಇಷ್ಟೇ: ಅಜ್ಜಿ ಪೂರ್ವ ಟೆಕ್ಸಸ್‌ನ ಒಂದು ಅನಾಥಾಲಯದಲ್ಲಿ ಬೆಳೆದವರು. ಎಳೆಗೂಸನ್ನು ಯಾರೋ ಬಿಟ್ಟುಹೋಗಿದ್ದರು. ನೆಂಟರೆಂದು ಯಾರೂ ಎಂದೂ ಬಂದಿರಲಿಲ್ಲ.

"ನಿಮ್ಮ ಅಜ್ಜಿ ಸುಳ್ಳು ಹೇಳಿದ್ರು ಅಂತ ನಾನು ಹೇಳಲ್ಲ," ರೂತ್ ಎಂದಳು. "ಆದರೆ ಚೆರೋಕಿ ಅನ್ನೋದು ಅನಿಸಿಕೆ ಅಲ್ಲ. ಇವಳು ನಮ್ಮವಳು ಅಂತ ಹೇಳೋಕೆ ಒಂದು ಮನೆ ಬೇಕು. ಅಂಥ ಮನೆ ನನಗೆ ಕಾಣಿಸ್ತಾ ಇಲ್ಲ. ಚೆರೋಕಿ ಭಾಷೆ ಆಡಿದ್ದಕ್ಕೆ ನನ್ನ ಅಜ್ಜಿ ಶಾಲೇಲಿ ಏಟು ತಿಂದಿದ್ದಾರೆ. ನಾನು ಆ ಹೆಸರನ್ನ ಸುಮ್ಮನೆ ಹಂಚೋಕೆ ಆಗಲ್ಲ."

"ಹಂಚಬಾರದು," ಎಂದರು ವಾಂಡಾ. ಕೋಡುಬಳೆಯ ಪುಡಿಯನ್ನು ಮಡಿಲಿನಿಂದ ಕೊಡವಿಕೊಂಡರು. "ನನ್ನದು ಬಿಡಿ, ನಾನು ಬಸ್ಸಿನ ಮಕ್ಕಳನ್ನ ನೋಡ್ಕೊಂಡೇ ಬದುಕಿದೆ. ಆದರೆ ನನ್ನ ಅಜ್ಜಿ? ಹುಟ್ಟಿದಾಗಲೂ ಯಾರೂ ಇರಲಿಲ್ಲ. ಈಗ ನೋಡಿ, ಸತ್ತ ಮೇಲೂ ಅವಳು ಯಾರವಳೂ ಅಲ್ಲ."

ರೂತ್ ವಾಂಡಾರ ಕೈಮೇಲೆ ಕೈಯಿಟ್ಟು ಕುಳಿತಳು. ಚಿಕ್ಕಪ್ಪ ಹಿತ್ತಿಲ ಬಾಗಿಲಿನಲ್ಲಿ ನಿಂತಿದ್ದವರು, "ಅಜ್ಜಿಯ ಪೂರ್ತಿ ಹೆಸರು?" ಎಂದರು.

ಚಿಕ್ಕಮ್ಮ ಕನ್ನಡದಲ್ಲಿ, "ಸಾಕು ಬಿಡ್ರೀ ಇನ್ನ, ಎಷ್ಟು ಕೇಳ್ತೀರ" ಎಂದು ಗದರಿದರು.

"ಇಡಾ ಮೇ," ವಾಂಡಾ ಹೇಳಿದರು. ಚಿಕ್ಕಪ್ಪ ತಲೆಯಾಡಿಸಿ ಹೊರಗೆ ಹೋದರು.

ಅದಾಗಿ ಕೆಲವೇ ದಿನಕ್ಕೆ ಮಹಾಲಯ ಅಮಾವಾಸ್ಯೆ. ನನ್ನ ಕಾಲೇಜಿನ ಪರೀಕ್ಷೆ ಮುಗಿದಿತ್ತು, ಚಿಕ್ಕಮ್ಮನ ಎಳ್ಳುಂಡೆಯ ಆಸೆಗೆ ನಾನು ಮತ್ತೆ ಯೂಲೆಸ್‌ನಲ್ಲಿದ್ದೆ. ಬೆಳಿಗ್ಗೆ ಚಿಕ್ಕಪ್ಪ ಹಿತ್ತಿಲಿನಲ್ಲಿ ಪಂಚೆಯುಟ್ಟು, ಬೆರಳಿಗೆ ದರ್ಭೆ ಹಾಕಿಕೊಂಡು ತರ್ಪಣಕ್ಕೆ ಕುಳಿತರು. ತಲೆಯ ಮೇಲೆ ವಿಮಾನಗಳು ಹೋಗುತ್ತಿದ್ದವು. ಗತಿಸಿದವರನ್ನು ಒಬ್ಬೊಬ್ಬರಾಗಿ ಗೋತ್ರ, ಹೆಸರು ಹಿಡಿದು ಕರೆದು ಎಳ್ಳುನೀರು ಬಿಡುವ ದಿನ ಅದು. ನಮ್ಮ ತಾತ, ಮುತ್ತಾತ, ಅಜ್ಜಿಯರು. ನಂತರ ಅತ್ತೆ, ಮಾವ, ಗುರುಗಳು, ಗೆಳೆಯರು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ನನಗೆ ಮುಗಿಯಿತು ಅನಿಸಿತು. ಮುಗಿದಿರಲಿಲ್ಲ. ಚಿಕ್ಕಪ್ಪ ಮತ್ತೆ ತಟ್ಟೆಯಿಂದ ಎಳ್ಳು ತೆಗೆದುಕೊಂಡರು. ಗೋತ್ರ ಹೇಳುವ ಜಾಗದಲ್ಲಿ ತಡೆದರು. ಒಂದು ವಿಮಾನ ದಾಟಿಹೋಗುವಷ್ಟು ಹೊತ್ತು ತಡೆದರು. ಆಮೇಲೆ ನಮ್ಮ ಮನೆಯ ಗೋತ್ರವನ್ನೇ ಹೇಳಿ, "ಇಡಾ ಮೇ" ಎಂದು ಕರೆದು, ನೀರು ಬಿಟ್ಟರು.

ಅವರು ಕೈ ತೊಳೆದು ಒಳಗೆ ಬರುವವರೆಗೆ ಹೇಗೋ ತಡೆದುಕೊಂಡೆ. "ಚಿಕ್ಕಪ್ಪ, ಅದು ನಮ್ಮ ಗೋತ್ರ."

"ಹೌದು. ಬೇರೆಯವರದ್ದನ್ನ ಕೊಡೋಕೆ ನಾನ್ಯಾರು?" ಎಂದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಆಗಲೇ ಬಾಗಿಲಿನ ಕಡೆ ಹೊರಟಿದ್ದರು. "ಎಲೆ ಹಾಕಮ್ಮ. ವಾಂಡಾನ ಊಟಕ್ಕೆ ಕರ್ಕೊಂಡು ಬರ್ತೀನಿ. ಅವರ ಅಜ್ಜಿಗೆ ನೀರು ಬಿಟ್ಟಿದೀನಿ, ಮೊಮ್ಮಗಳು ಉಪವಾಸ ಇರಬಾರದು."